ಸೂಜಿ ಮುಟ್ಟದ ಚೀಲ

ಹೊಲಿಗೆಯಮ್ಮನ ಅಂಗಡಿ ಎಂದರೆ ಅವಳ ಮನೆಯ ಮುಂದಿನ ಕೋಣೆ. ರಸ್ತೆಯ ಕಡೆಗೆ ಒಂದು ಅಗಲವಾದ ಕಿಟಕಿ, ಕಿಟಕಿಗೆ ಒತ್ತಿಕೊಂಡಂತೆ ಕಾಲಲ್ಲಿ ತುಳಿಯುವ ಕಪ್ಪು ಮೆಷಿನ್ನು, ಗೋಡೆಯ ಮೊಳೆಗಳಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ತೂಗುವ ಕತ್ತರಿಗಳು. ನಲವತ್ತು ವರ್ಷದಿಂದ ಅವಳು ಅಲ್ಲೇ ಕೂತು ಹೊಲಿಯುತ್ತಿದ್ದಾಳೆ. ಅವಳು ಹಾಕಿದ ಹೊಲಿಗೆ ಬಿಚ್ಚಿತು ಎಂದು ಹೇಳಿಕೊಂಡು ವಾಪಸ್ಸು ಬಂದವರು ಒಬ್ಬರೂ ಇಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಕೇಳಿದರೆ ಅವಳೇ ಹೇಳುತ್ತಾಳೆ. ಕೇಳದಿದ್ದರೂ ಹೇಳುತ್ತಾಳೆ.

"ಬಟ್ಟೆ ಹರೀಬೋದು. ನನ್ನ ಹೊಲಿಗೆ ಬಿಚ್ಚಲ್ಲ."

ಆ ಜಂಬ ಪುಕ್ಕಟೆ ಬಂದದ್ದಲ್ಲ. ಬೇರೆಯವರು ಒಂದು ಸಾಲು ಹೊಲಿದು ದಾರ ಕತ್ತರಿಸಿ ಕೈ ತೊಳೆದುಕೊಳ್ಳುವ ಕಡೆ, ಅವಳು ಬಟ್ಟೆಯನ್ನು ಮಗುಚಿ, ಮಡಿಕೆಯನ್ನು ಉಗುರಿನಿಂದ ಗೀರಿ ಕೂರಿಸಿ, ಅದರ ಮೇಲೆ ಇನ್ನೊಂದು ಸಾಲು ಓಡಿಸುತ್ತಿದ್ದಳು. ಎರಡು ಸಾಲಿನ ನಡುವಿನ ಅಂತರ ಕುತ್ತಿಗೆಪಟ್ಟಿಯಿಂದ ಅಂಚಿನವರೆಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗುತ್ತಿರಲಿಲ್ಲ. ಊರಿನ ಬಸ್ ಕಂಡಕ್ಟರುಗಳ ಜೇಬು, ಗ್ಯಾರೇಜಿನವರ ಅಂಗಿ, ಶಾಲೆಯ ಮಕ್ಕಳ ಚೀಲ, ಯಾವುದನ್ನೇ ತಿರುಗಿಸಿ ನೋಡಿದರೂ ಆ ಜೋಡಿ ಸಾಲು ಕಾಣುತ್ತಿತ್ತು.

ಇಷ್ಟೆಲ್ಲ ಹೇಳಿಕೊಳ್ಳುವ ಹೊಲಿಗೆಯಮ್ಮ ಒಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅದು ಸೊಸೆಯ ಕೆಲಸ.

"ನಿಮ್ಮ ಸೊಸೆ ಎಲ್ಲಿಗೆ ಹೋಗ್ತಾಳೆ ಬೆಳಿಗ್ಗೆ ಬೆಳಿಗ್ಗೆ?" ಎಂದು ಅಳತೆ ಕೊಡಲು ಬಂದವರು ಕೇಳುತ್ತಿದ್ದರು.

"ಅರಣ್ಯ ಇಲಾಖೆಗೆ."

"ಏನು ಕೆಲಸ?"

"ಇಲಾಖೆ ಕೆಲಸ. ಕೈ ಎತ್ತಿ, ತೋಳು ಅಳೀಬೇಕು."

ಸೊಸೆ ಮಾಡುತ್ತಿದ್ದದ್ದು ಮರ ಹತ್ತುವ ಕೆಲಸ. ಊರಾಚೆಯ ಗುಡ್ಡದ ಮೇಲೆ ಇಲಾಖೆಯದೊಂದು ಬೀಜದ ತೋಪು ಇತ್ತು. ಸೊಂಟಕ್ಕೆ ಅಗಲ ಬೆಲ್ಟು ಬಿಗಿದು, ಹಗ್ಗದ ಕೊಕ್ಕೆ ಹಾಕಿಕೊಂಡು, ಹತ್ತು ಆಳೆತ್ತರದ ಪೈನ್ ಮರಗಳ ನೆತ್ತಿಗೆ ಏರುವುದು ಅವಳ ದಿನಗೆಲಸ. ಸಂಜೆ ಬರುವಾಗ ಕೂದಲಲ್ಲಿ ಮರದ ಅಂಟು, ಅಂಗೈಯಲ್ಲಿ ತೊಗಟೆಯ ಗೀರು. ಮಗನೋ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬರುವವನು. "ಗಂಡ ರಸ್ತೆ ಮೇಲೆ, ಹೆಂಡತಿ ಮರದ ಮೇಲೆ, ಮನೇಲಿ ಇರೋಳು ನಾನೊಬ್ಬಳೇ" ಎಂದು ಹೊಲಿಗೆಯಮ್ಮ ಗೊಣಗುತ್ತಿದ್ದಳು. ಸೊಸೆಯ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲ ಎಂದಲ್ಲ. ಕೋಟು ಹೊಲಿಯುವವಳ ಮನೆಯ ಸೊಸೆ ಮಂಗನ ಹಾಗೆ ಮರ ಹತ್ತುತ್ತಾಳೆ ಎಂದು ನಾಲ್ಕು ಜನರೆದುರು ಹೇಳಲು ನಾಲಿಗೆ ಏಳುತ್ತಿರಲಿಲ್ಲ, ಅಷ್ಟೇ.

ಆ ತೋಪಿನಲ್ಲಿ ನಡೆಯುತ್ತಿದ್ದ ಕೆಲಸದ ಸಂಗತಿ ಅವಳಿಗೆ ತಿಳಿದದ್ದು ಒಂದು ಕಾಗದದ ಚೀಲದಿಂದ. ಒಂದು ಸಂಜೆ ಸೊಸೆ ಹರಿದ ಚೀಲವೊಂದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಳು.

"ಯಾರೇ ಇದನ್ನ ಮಾಡಿದ್ದು? ಅಂಚು ನೋಡು, ಇಲಿ ಕಡಿದ ಹಾಗಿದೆ."

"ಅಂಗಡೀಲಿ ತಂದಿದ್ದು ಅತ್ತೆ. ಗಾಳಿಗೆ ನಿಲ್ಲಲ್ಲ. ಮರದ ಮೇಲೆ ಹೆಣ್ಣುಕಾಯಿಗೆ ಕಟ್ಟೋದು."

"ಮರದಲ್ಲಿ ಹೆಣ್ಣೇನು, ಗಂಡೇನು?"

ಸೊಸೆ ನಕ್ಕು ವಿವರಿಸಿದಳು. ಪೈನ್ ಮರಕ್ಕೆ ಹೂವಿಲ್ಲ, ಹಣ್ಣಿಲ್ಲ. ಪುಸ್ತಕದಲ್ಲಿ ಶಂಕು ಎನ್ನುತ್ತಾರೆ, ತೋಪಿನವರ ಬಾಯಲ್ಲಿ ಅದು ಕಾಯಿ. ಅದರಲ್ಲಿ ಎರಡು ಬಗೆ. ಕೆಳಗಿನ ಕೊಂಬೆಗಳಲ್ಲಿ ಗೊಂಚಲುಗೊಂಚಲಾಗಿ ಗಂಡುಕಾಯಿ. ವಸಂತ ಬಂದಾಗ ಹಳದಿ ಪುಡಿ ಉದುರಿಸಿ ಒಣಗಿ ಬಿದ್ದುಹೋಗುತ್ತವೆ. ಮೇಲಿನ ಕೊಂಬೆಗಳ ತುದಿಯಲ್ಲಿ ಹೆಣ್ಣುಕಾಯಿ. ಮೊದಲಿಗೆ ಕಿರುಬೆರಳ ಉಗುರಿನಷ್ಟು, ಕೆಂಪಗೆ. ಕೆಲವೇ ದಿನ ಅದರ ಪದರಗಳು ಬಿಟ್ಟುಕೊಳ್ಳುತ್ತವೆ. ಆಗ ಗಾಳಿಯಲ್ಲಿ ತೇಲಿ ಬಂದ ಪುಡಿ ಒಳಗೆ ಸೇರಬೇಕು. ಸೇರಿದ ಮೇಲೆ ಪದರ ಮುಚ್ಚಿಕೊಂಡುಬಿಡುತ್ತದೆ.

"ಜೇನೂ ಇಲ್ಲ, ಚಿಟ್ಟೆಯೂ ಇಲ್ಲ. ಎಲ್ಲ ಗಾಳೀದೇ ಕಾರುಬಾರು ಅತ್ತೆ."

"ಹಾಗಾದ್ರೆ ಪ್ರತಿವರ್ಷ ನನ್ನ ಮೆಷಿನ್ ಮೇಲೆ, ಇಸ್ತ್ರಿ ಮಾಡಿಟ್ಟ ಅಂಗಿ ಮೇಲೆ ಬಂದು ಕೂರೋ ಹಾಳು ಹಳದಿ ಧೂಳು..."

"ಅದೇ."

"ಬೀರುವಿನ ಒಳಗೂ ಬರತ್ತಲ್ಲೇ ಅದು! ಕಿಟಕಿ ಹಾಕಿದ್ರೂ ಬರತ್ತೆ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಅವಳು ಮರೆತಳು.

ತೋಪಿನ ತುದಿಯಲ್ಲಿ ಒಂಟಿಯಾಗಿ ಒಂದು ಮುದಿ ಮರ ಇತ್ತು. ಅಜ್ಜಿಮರ ಎಂದು ಕರೆಯುತ್ತಿದ್ದರು. ಸುತ್ತಲಿದ್ದವು ಬೇರೆ ಜಾತಿಯವು, ಆ ಜಾತಿಯದು ಅದೊಂದೇ. ಆ ಜಾತಿಯ ಎಳೆಯ ಮರಗಳಿಗೆಲ್ಲ ತುದಿ ಒಣಗುವ ರೋಗ ತಗಲಿ ಗುಡ್ಡಕ್ಕೆ ಗುಡ್ಡವೇ ಬೋಳಾದಾಗಲೂ ಅಜ್ಜಿಯ ಒಂದು ಎಲೆ ಬಾಡಿರಲಿಲ್ಲ. ದೂರದ ಇನ್ನೊಂದು ಗುಡ್ಡದಲ್ಲಿ ಅಂಥದೇ ಇನ್ನೊಂದು ಗಟ್ಟಿ ಮರ ಸಿಕ್ಕಿತ್ತು. ಅದರ ಪುಡಿಯನ್ನು ಶೀಶೆಯಲ್ಲಿ ತಂದು ಅಜ್ಜಿಯ ಹೆಣ್ಣುಕಾಯಿಗೆ ಕೊಟ್ಟು ಬೀಜ ಪಡೆಯಬೇಕು, ಆ ಬೀಜದಿಂದ ಗುಡ್ಡವನ್ನು ಮತ್ತೆ ತುಂಬಬೇಕು ಎಂಬುದು ಇಲಾಖೆಯ ಆಸೆ. ಕಷ್ಟ ಇದ್ದದ್ದು ಒಂದೇ. ಅಜ್ಜಿಯ ಪುಡಿ ಅಜ್ಜಿಗೇ ಬಿದ್ದರೆ ಕಾಯಿ ದಪ್ಪವಾಗಿ ಬೆಳೆಯುತ್ತದೆ, ಬೀಜವೂ ದುಂಡಗೆ ಕಾಣುತ್ತದೆ, ಒಡೆದು ನೋಡಿದರೆ ಜೊಳ್ಳು. ಅದಕ್ಕೇ ಪದರ ಬಿಡುವ ಮುಂಚೆಯೇ ಮೇಲೇರಿ ಒಂದೊಂದು ತುದಿಗೂ ಚೀಲ ಕಟ್ಟಬೇಕು. ಮೊದಲು ಒಳಗೆ ಹೋದ ಪುಡಿಯದೇ ಜಾಗ, ಆಮೇಲೆ ಬಂದದ್ದು ಬಾಗಿಲಲ್ಲೇ ಉಳಿಯುತ್ತದೆ.

ಹೊಲಿಗೆಯಮ್ಮ ಕಾಗದದ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದಳು. "ಇಂಥದ್ದನ್ನ ಕಟ್ಕೊಂಡು ಅಷ್ಟೆತ್ತರ ಹೋಗ್ಬೇಡ. ನಾನು ಹೊಲಿದು ಕೊಡ್ತೀನಿ."

ಹೊಲಿದಳು. ಮಳೆಕೋಟಿನ ಒತ್ತು ನೇಯ್ಗೆಯ ಬಟ್ಟೆ, ಕಾಯಿ ಬಿಟ್ಟುಕೊಂಡಿತೇ ಎಂದು ನೋಡಲು ಒಂದು ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ, ಬಾಯಿಗೆ ಬಿಗಿಯುವ ದಾರ. ಕಿಟಕಿಯ ಸುತ್ತ ಹದಿನೆಂಟನೇ ನಂಬರಿನ ದಪ್ಪ ಸೂಜಿಯಲ್ಲಿ ಎರಡು ಸಾಲು, ಬದಿಗಳಿಗೂ ಎರಡು ಸಾಲು. ಒಟ್ಟು ಎಂಬತ್ತು ಚೀಲ. ತೋಪಿನ ಮೇಲಧಿಕಾರಿ ಕೊರಳಲ್ಲಿ ಸದಾ ಒಂದು ಭೂತಗನ್ನಡಿ ತೂಗುಹಾಕಿಕೊಂಡು ಓಡಾಡುತ್ತಿದ್ದುದರಿಂದ ಅವರಿಗೆ ಅದೇ ಹೆಸರಾಗಿತ್ತು. ಭೂತಗನ್ನಡಿಯವರು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, "ಇಂಥ ಕೈಕೆಲಸ ನಾನು ನೋಡಿಲ್ಲ" ಎಂದರಂತೆ. ಆ ಒಂದು ಮಾತನ್ನು ಹೊಲಿಗೆಯಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹಂಚಿದಳು.

ಎರಡು ವಸಂತ ಆ ಚೀಲಗಳನ್ನೇ ಕಟ್ಟಿದರು. ಪೈನ್ ಮರದ ಬಸಿರು ದೀರ್ಘದ್ದು. ಮೊದಲ ವಸಂತದಲ್ಲಿ ಪುಡಿ ಕುಡಿದ ಕಾಯಿ ಬಲಿತು ಕೈಗೆ ಬಂದದ್ದು ಮರುವರ್ಷ ಚಳಿ ಶುರುವಾಗುವಾಗ. ಅಷ್ಟರಲ್ಲಿ ಎರಡನೇ ವಸಂತದ ಕಾಯಿಗಳೂ ಬಟಾಣಿಯಷ್ಟಾಗಿ ಕೊಂಬೆಯ ಮೇಲೆ ಕೂತಿದ್ದವು. ಬಲಿತ ಕಾಯಿಗಳನ್ನು ಬಿಸಿಲಲ್ಲಿ ಹರವಿ, ಬೀಜ ಉದುರಿಸಿ, ನೀರಿಗೆ ಹಾಕಿದರು. ಗಟ್ಟಿ ಬೀಜ ಮುಳುಗಬೇಕು. ನೂರಕ್ಕೆ ತೊಂಬತ್ತು ತೇಲಿದವು.

ಆ ಸಂಜೆ ಸೊಸೆ ಬೆಲ್ಟನ್ನು ಹೆಗಲ ಮೇಲೆ ಹಾಕಿಕೊಂಡು ಬರಲಿಲ್ಲ. ಬರಿಗೈಯಲ್ಲಿ ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತು, ಅನ್ನ ಕಲಸುತ್ತಲೇ ಇದ್ದಳು.

"ಬೆಲ್ಟೆಲ್ಲೇ?"

"ಉಗ್ರಾಣಕ್ಕೆ ಕೊಟ್ಟೆ. ಇನ್ಮೇಲೆ ಸಸಿಮಡೀಲಿ ಕಳೆ ಕೀಳೋದಂತೆ. ನಾನು ತಡವಾಗಿ ಹತ್ತಿದೀನಿ, ಚೀಲ ಕಟ್ಟೋ ಮುಂಚೇನೇ ಕಾಯಿ ಬಾಯಿ ಬಿಟ್ಟಿತ್ತು ಅಂತ ದೊಡ್ಡ ಕಚೇರಿಯವರ ತೀರ್ಮಾನ."

"ತಡ ಮಾಡಿದ್ಯಾ?"

"ಇಲ್ಲ ಅತ್ತೆ. ಒಂದೊಂದು ತುದೀನೂ ಮುಟ್ಟಿ ನೋಡಿ ಕಟ್ಟಿದೀನಿ. ಯಾರು ನಂಬ್ತಾರೆ?" ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನನ್ನದು ಹಾಗಿರಲಿ. ಅಜ್ಜಿಮರದ ಬೇರು ಕೊಳೆತಿದೆ. ಇನ್ನು ಎರಡು ಚಳಿಗಾಲ ತಡೆದರೆ ಹೆಚ್ಚು, ಆಮೇಲೆ ಕಡೀತಾರೆ. ಅಂದ್ರೆ ಬರೋ ವಸಂತ ಒಂದೇ ಉಳಿದಿರೋದು. ಆಗ ಕಟ್ಟಿದ್ದು ಗಟ್ಟಿಯಾಗದಿದ್ರೆ ಆ ಮರದ ವಂಶವೇ ಇಲ್ಲ."

ಹೊಲಿಗೆಯಮ್ಮನಿಗೆ ಸಂಕಟವಾಯಿತು. ಸಂಕಟ ಅವಳ ಬಾಯಿಂದ ಹೊರಬರುವಾಗ ಯಾವಾಗಲೂ ಸಿಟ್ಟಾಗಿಯೇ ಬರುತ್ತಿತ್ತು.

"ಹಾಗಾದ್ರೆ ದಾರ ಸರಿಯಾಗಿ ಬಿಗಿದಿರಲ್ಲ ನೀನು. ನನ್ನ ಚೀಲದಲ್ಲಂತೂ ತಪ್ಪಿರೋಕೆ ಸಾಧ್ಯ ಇಲ್ಲ."

ಸೊಸೆ ತಲೆ ಎತ್ತಿ ನೋಡಿದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಸೊಸೆ ಕಳೆ ಕೀಳಲು ಹೋದ ಮೇಲೆ ಹೊಲಿಗೆಯಮ್ಮ ಚೀಲಗಳ ಗಂಟು ಬಿಚ್ಚಿದಳು. ಒಗೆದು ರಿಪೇರಿ ಮಾಡಲೆಂದು ಬಂದದ್ದು ಮೂಲೆಯಲ್ಲೇ ಬಿದ್ದಿತ್ತು. ಬಾಯಿದಾರ ಎಲ್ಲಿ ಸಡಿಲಿದೆ ಎಂದು ಹುಡುಕಿ, ಸಂಜೆ ಸೊಸೆಗೆ ತೋರಿಸಿ, ತನ್ನ ಮಾತು ಸರಿ ಎನಿಸಿಕೊಳ್ಳಬೇಕು ಎಂಬುದು ಅವಳ ಲೆಕ್ಕಾಚಾರ. ಒಂದು ಚೀಲದೊಳಗೆ ಕೈ ತೂರಿಸಿ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

ಪ್ಲಾಸ್ಟಿಕ್ಕಿನ ಸುತ್ತ ಬೆಳಕಿನ ಚುಕ್ಕೆಗಳು. ಸಾಲಾಗಿ, ಸಮನಾಗಿ, ಜೋಡಿಯಾಗಿ.

ಇನ್ನೊಂದು ಚೀಲ ಎತ್ತಿದಳು, ಮತ್ತೊಂದು ಎತ್ತಿದಳು. ಎಲ್ಲದರಲ್ಲೂ ಅದೇ. ಬಟ್ಟೆಯಲ್ಲಿ ಸೂಜಿ ಹೊಕ್ಕ ತೂತು ದಾರವನ್ನು ಅಪ್ಪಿ ಮುಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿದ್ದ ತೂತು ಬಿದ್ದ ಹಾಗೇ ಉಳಿಯುತ್ತದೆ. ಇದು ಕೆಲಸ ಕಲಿಯಲು ಬಂದ ಹುಡುಗಿಯರಿಗೆ ಅವಳೇ ಹೇಳಿಕೊಡುತ್ತಿದ್ದ ಮೊದಲ ಪಾಠ. ಮಳೆಕೋಟು ಸೋರುವುದು ಹೊಲಿಗೆಯಲ್ಲೇ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮಳೆ ಬೇರೆ, ಧೂಳು ಬೇರೆ ಎಂದುಕೊಂಡಿದ್ದಳೋ, ಇಲ್ಲ ಎರಡನೇ ಸಾಲಿನ ಅಂದದಲ್ಲಿ ಎಲ್ಲ ಮರೆತಳೋ. ಒಂದೇ ಸಾಲು ಹೊಲಿದಿದ್ದರೆ ಅರ್ಧ ತೂತಾದರೂ ಕಡಿಮೆಯಾಗುತ್ತಿತ್ತು.

ಆದರೂ ಹಟ ಬಿಡಲಿಲ್ಲ. ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತಂದು ಚೀಲದೊಳಗೆ ಒಂದು ಹಿಡಿ ಸುರಿದು, ಬಾಯಿ ಬಿಗಿದು, ಕೆಳಗೆ ಕೋಟಿನ ಕಪ್ಪು ಬಟ್ಟೆ ಹಾಸಿ, ಮೆಲ್ಲಗೆ ತಟ್ಟಿದಳು. ಚೀಲ ಎತ್ತಿದಾಗ ಕಪ್ಪು ಬಟ್ಟೆಯ ಮೇಲೆ ಬಿಳಿ ಚುಕ್ಕೆಗಳ ಎರಡು ಸಾಲು ಮೂಡಿದ್ದವು. ತನ್ನ ಹೊಲಿಗೆಯನ್ನು ಅವಳು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲಳು.

ಹಾಗೇ ಕೂತಳು. ಇದು ಯಾರಿಗೂ ಗೊತ್ತಿಲ್ಲ. ಕಪ್ಪು ಬಟ್ಟೆಯನ್ನು ಕೊಡವಿದರೆ ಮುಗಿಯಿತು. ಹೊಸ ಚೀಲ ಮಾಡಿ ಕಳಿಸಿದರೆ ತೋಪಿನ ಕೆಲಸ ನಡೆಯುತ್ತದೆ, ಹೊಲಿಗೆಯಮ್ಮನ ಹೆಸರು ಹೆಸರಾಗಿಯೇ ಉಳಿಯುತ್ತದೆ. ಸೊಸೆ ಮರ ಇಳಿದರೆ ಇಳಿಯಲಿ, ಹೇಗೂ ಅದು ತನಗೆ ಬೇಡದ ಕೆಲಸವೇ ಅಲ್ಲವೇ. ಇಷ್ಟನ್ನೂ ಅವಳು ಯೋಚಿಸಿದಳು. ಅವಳು ಒಳ್ಳೆಯವಳು, ಹಾಗೆ ಯೋಚಿಸಲಿಲ್ಲ ಎಂದು ಬರೆದು ನಿಮಗೆ ಸುಳ್ಳು ಹೇಳಲಾರೆ. ಯಾರದೋ ಕೋಟಿನ ತೋಳು ಮೆಷಿನ್ನಿಗೆ ಕೊಟ್ಟು ತುಳಿಯತೊಡಗಿದಳು. ಸೂಜಿ ಒಂದೊಂದು ಸಲ ಬಟ್ಟೆಗೆ ಇಳಿದಾಗಲೂ ನಿನ್ನೆ ತಲೆ ಎತ್ತಿ ನೋಡಿದ ಸೊಸೆಯ ಮುಖ ಕಂಡಿತು. ಅರ್ಧ ತೋಳಿಗೇ ಕಾಲು ನಿಂತಿತು.

ಕಪ್ಪು ಬಟ್ಟೆಯನ್ನು ಅಲುಗದಂತೆ ಟ್ರೇ ಮೇಲಿಟ್ಟು, ಮೇಲೊಂದು ಡಬ್ಬದ ಮುಚ್ಚಳ ಕವಚಿ, ಮಟಮಟ ಮಧ್ಯಾಹ್ನ ಗುಡ್ಡ ಹತ್ತಿದಳು.

ತೋಪಿನ ಶೆಡ್ಡಿನಲ್ಲಿ ಭೂತಗನ್ನಡಿಯವರು ಊಟ ಮುಗಿಸಿ ಕೂತಿದ್ದರು. ಸೊಸೆ ಬಾಗಿಲಾಚೆ ಸಸಿಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವಳು ಅತ್ತೆಯನ್ನು ಕಂಡು ಗಾಬರಿಯಿಂದ ಎದ್ದು ಬಂದಳು. ಹೊಲಿಗೆಯಮ್ಮ ಮೇಜಿನ ಮೇಲೆ ಟ್ರೇ ಇಟ್ಟು ಮುಚ್ಚಳ ತೆಗೆದಳು.

"ಸಾರ್, ನಿಮ್ಮ ಕನ್ನಡಿ ಹಿಡಿದು ನೋಡಿ. ಇದು ನನ್ನ ಹೊಲಿಗೆ. ಚೀಲದೊಳಗಿನ ಪೌಡರು ಹೀಗೆ ಹೊರಗೆ ಬಂದಿದೆ. ಹೊರಗಿನ ಪುಡಿ ಹೀಗೇ ಒಳಗೆ ಹೋಗಿದೆ."

ಅವರು ಬಗ್ಗಿ ಬಹಳ ಹೊತ್ತು ನೋಡಿದರು. "ನಮ್ಮ ಯಾರಿಗೂ ಇದು ಹೊಳೀಲಿಲ್ಲ ಅಮ್ಮ."

"ನಿಮಗೆ ಹೇಗೆ ಹೊಳೆಯತ್ತೆ? ಹೊಲಿದವಳಿಗೇ ಹೊಳೆದಿಲ್ಲ. ಜಂಬಕ್ಕೆ ಎರಡೆರಡು ಸಾಲು ಹಾಕಿದೆ, ಪುಡಿಗೆ ಎರಡೆರಡು ಬಾಗಿಲು ತೆಗೆದೆ. ನನ್ನ ಸೊಸೆ ಹತ್ತಿದ್ದು ಸರಿಯಾದ ಹೊತ್ತಿಗೇ. ಅವಳ ಬೆಲ್ಟು ಅವಳಿಗೆ ಕೊಡಿ."

"ಅತ್ತೆ..." ಎಂದಳು ಸೊಸೆ.

"ನೀನು ಸುಮ್ನಿರು. ನಿನಗೆ ನಿನ್ನೆ ಅಂದಿದ್ದನ್ನ ಮನೇಲಿ ವಾಪಸ್ಸು ತಗೋತೀನಿ. ಇಲ್ಲಿ ಇವರ ಹತ್ರ ಮಾತು ಮುಗೀಲಿ."

ಮೇಲಧಿಕಾರಿ ಕನ್ನಡಿ ಒರೆಸಿಕೊಂಡರು. "ಹಾಗಾದ್ರೆ ಈಗ ಮರದ ಮೇಲಿರೋ ಕಾಯಿಗಳೂ ಜೊಳ್ಳೇ."

"ಅವೂ ಜೊಳ್ಳೇ" ಎಂದಳು ಹೊಲಿಗೆಯಮ್ಮ. ಆ ಮಾತು ಹೇಳುವಾಗ ಅವಳ ಮುಖ ಹುಳ್ಳಗಾಯಿತು, ದನಿ ಮಾತ್ರ ತಗ್ಗಲಿಲ್ಲ. "ಬರೋ ವಸಂತಕ್ಕೆ ಚೀಲ ನಾನೇ ಮಾಡ್ತೀನಿ. ಸೂಜಿ ಮುಟ್ಟಿಸಲ್ಲ."

ದೊಡ್ಡ ಕಚೇರಿಯಿಂದ ಉತ್ತರ ಬರಲು ಹದಿನೈದು ದಿನ ಹಿಡಿಯಿತು. ಇನ್ನೊಂದು ಸಲ ಅವಳೇ ಹತ್ತಲಿ; ಈ ಸಲವೂ ಬೀಜ ತೇಲಿದರೆ ಹತ್ತುವ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಬರೆದಿದ್ದರು.

ನಲವತ್ತು ವರ್ಷ ಸೂಜಿ ಹಿಡಿದವಳು ಸೂಜಿಯಿಲ್ಲದೆ ಚೀಲ ಮಾಡುವುದು ಹುಡುಗಾಟವಲ್ಲ. ಮೊದಲು ಅಂಟು ಹಚ್ಚಿದಳು, ಬಿಸಿಲಿಗೆ ಬಿಟ್ಟಿತು. ಮೇಣ ಸವರಿದಳು, ಚಳಿಗೆ ಒಡೆಯಿತು. ಕೊನೆಗೆ ಹೊಳೆದದ್ದು ಅಂಗಿಯ ಕಾಲರು. ಕಾಲರು ನೆಟ್ಟಗೆ ನಿಲ್ಲಲೆಂದು ಒಳಗಿಡುವ ಗೋಂದಿನ ಬಟ್ಟೆ ಇದೆಯಲ್ಲ, ಬಿಸಿ ಇಸ್ತ್ರಿ ತಾಗಿದರೆ ಕರಗಿ ಹಿಡಿದುಕೊಂಡುಬಿಡುವುದು, ಅದರ ಪಟ್ಟಿ ಕತ್ತರಿಸಿ ಅಂಚಿನೊಳಗೆ ಇಟ್ಟು, ಮೂರು ಮಡಿಕೆ ಮಡಿಸಿ, ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದಳು. ಪ್ಲಾಸ್ಟಿಕ್ಕಿನ ಕಿಟಕಿಯನ್ನೂ ಅದೇ ಪಟ್ಟಿಯ ನಡುವೆ ಕೂರಿಸಿದಳು. ಬಿಸಿ ಹೆಚ್ಚಾದರೆ ಕಿಟಕಿ ಸುರುಟಿಕೊಳ್ಳುತ್ತಿತ್ತು, ಕಡಿಮೆಯಾದರೆ ಅಂಟು ಕರಗುತ್ತಿರಲಿಲ್ಲ. ಹದ ಸಿಗುವಷ್ಟರಲ್ಲಿ ಇಪ್ಪತ್ತು ಚೀಲ ಹಾಳಾದವು. ಒಂದೊಂದು ಚೀಲಕ್ಕೂ ಪೌಡರ್ ಹಾಕಿ ಕಪ್ಪು ಬಟ್ಟೆಯ ಮೇಲೆ ತಟ್ಟಿ ಪರೀಕ್ಷೆ. ವಾರದ ಕೊನೆಗೆ ಮನೆಗೆ ಬಂದ ಮಗ ಬಾಗಿಲಲ್ಲೇ ಮೂಗು ಅರಳಿಸಿ, "ಏನಮ್ಮಾ, ಮನೆಯೆಲ್ಲ ಎಳೆ ಮಗು ಇರೋ ಹಾಗೆ ವಾಸನೆ?" ಎಂದ.

"ಇದೆ ಕಣೋ. ನಿನ್ನ ಹೆಂಡತಿ ಮರದ ಮೇಲಿಟ್ಟಿದಾಳೆ" ಎಂದಳು ಹೊಲಿಗೆಯಮ್ಮ.

ಚೀಲಕ್ಕೆ ಅವಳು ಇನ್ನೊಂದು ಹೊಸದನ್ನು ಸೇರಿಸಿದಳು. ಹಿಂದೆ ಚೀಲಕ್ಕೆ ಸಿರಿಂಜು ಚುಚ್ಚಿ ಪುಡಿ ಊದುತ್ತಿದ್ದರು, ಆಮೇಲೆ ಆ ತೂತಿಗೆ ಟೇಪು ಅಂಟಿಸುತ್ತಿದ್ದರು. "ನಾನು ಸೂಜಿ ಬಿಟ್ಟಿರೋದು ನೀನು ಚುಚ್ಚಲಿ ಅಂತ ಅಲ್ಲ" ಎಂದು ಸೊಸೆಗೆ ಗದರಿ, ಚೀಲದ ಬದಿಗೆ ಹೆಬ್ಬೆರಳು ತೂರುವಷ್ಟು ಅಗಲದ ಒಂದು ತೋಳು ಇಟ್ಟಳು. ಪುಡಿ ತುಂಬಿ ಒತ್ತುವ ರಬ್ಬರ್ ಬುರುಡೆಯ ಮೂತಿ ಅದರೊಳಗೆ ಬಿಗಿಯಾಗಿ ಕೂರಬೇಕು, ಊದಿ ತೆಗೆದ ತಕ್ಷಣ ತೋಳನ್ನು ಮಡಿಸಿ ಬಟ್ಟೆಯ ಕ್ಲಿಪ್ಪು ಹಾಕಬೇಕು. ಸೊಸೆ ಹತ್ತು ಸಲ ಮಾಡಿ ನೋಡಿ, "ಒಂದೇ ಕೈಲಿ ಆಗತ್ತೆ ಅತ್ತೆ! ಇನ್ನೊಂದು ಕೈ ಹಗ್ಗಕ್ಕಿರತ್ತೆ" ಎಂದಳು. ಅತ್ತೆಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಇಷ್ಟು ವರ್ಷ ಇವಳು ಅಷ್ಟೆತ್ತರದಲ್ಲಿ ಹಗ್ಗದ ಮೇಲಿನ ಕೈ ಬಿಟ್ಟು ಚೀಲ ಹಿಡಿಯುತ್ತಿದ್ದಳು ಎಂದು ಅವಳಿಗೆ ತಿಳಿದದ್ದು ಆಗಲೇ.

ವಸಂತ ಬಂತು. ಅಂಗಡಿ ಮುಚ್ಚಿ, ಬಾಗಿಲಿಗೆ ಚೀಟಿ ಅಂಟಿಸಿ, ಹೊಲಿಗೆಯಮ್ಮ ಮೊದಲ ಸಲ ಸೊಸೆ ಮರ ಹತ್ತುವುದನ್ನು ನೋಡಲು ಹೋದಳು. ಅಜ್ಜಿಮರದ ಬುಡದಲ್ಲಿ ನಿಂತು ಕತ್ತೆತ್ತಿದರೆ ತುದಿಯೇ ಕಾಣಲಿಲ್ಲ. ಸೊಸೆ ಬೆಲ್ಟು ಬಿಗಿದಳು, ಕೊಕ್ಕೆಯನ್ನು ಎರಡು ಸಲ ಎಳೆದು ನೋಡಿದಳು, ಬೆನ್ನಿಗೆ ಚೀಲಗಳ ಬುಟ್ಟಿ ಏರಿಸಿಕೊಂಡಳು, ಹೊರಟಳು. ಆತುರ ಇಲ್ಲ, ತಡವರಿಕೆ ಇಲ್ಲ. ಕೈ ಇಟ್ಟ ಕಡೆ ಕೈ ನಿಲ್ಲುತ್ತಿತ್ತು, ಕಾಲಿಟ್ಟ ಕಡೆ ಕಾಲು. ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವಿನ ಅಂತರ ಸಮ. ಅಳತೆಯಲ್ಲೇ ಬಾಳು ಕಳೆದ ಹೊಲಿಗೆಯಮ್ಮನ ಕಣ್ಣಿಗೆ ಅದು ಬೀಳದೆ ಇರಲಿಲ್ಲ. ಇಂಥ ಕೆಲಸವನ್ನು ತಾನು ಇಷ್ಟು ದಿನ ನಾಲ್ಕು ಜನರಿಂದ ಬಚ್ಚಿಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಅತ್ತೆ, ಸರಿಯಾದ ಹೊತ್ತು!" ಎಂದು ಮೇಲಿಂದ ಕೂಗು ಬಂತು. "ಕೆಂಪಗಿದೆ, ಇನ್ನೂ ಮುಚ್ಕೊಂಡಿದೆ!"

"ಕೆಳಗೆ ನೋಡ್ಬೇಡ! ಕೆಲಸ ನೋಡು!" ಎಂದು ಹೊಲಿಗೆಯಮ್ಮ ಕಿರುಚಿದಳು.

ಐದು ದಿನದ ಮೇಲೆ ಅಜ್ಜಿಮರ ಪುಡಿ ಬಿಟ್ಟಿತು. ಗಾಳಿ ಬೀಸಿದಾಗಲೆಲ್ಲ ಕೆಳಗಿನ ಕೊಂಬೆಗಳಿಂದ ಹಳದಿ ಹೊಗೆಯಂಥದ್ದು ಎದ್ದು ಶೆಡ್ಡಿನ ಸೂರಿನ ಮೇಲೆ, ಭೂತಗನ್ನಡಿಯವರ ಬೋಳುತಲೆಯ ಮೇಲೆ, ಹೊಲಿಗೆಯಮ್ಮನ ಹೆಗಲ ಮೇಲೆ ಇಳಿಯಿತು. ಅವಳು ಈ ಸಲ ಅದನ್ನು ಬೈಯಲಿಲ್ಲ. ಮೇಲೆ ಅರವತ್ತು ಚೀಲಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅವುಗಳ ಮೇಲೂ ಹಳದಿ ಕೂತಿತ್ತು, ಕಿಟಕಿಯ ಒಳಬದಿ ಮಾತ್ರ ಶುಭ್ರವಾಗಿತ್ತು. ಕಾಯಿಗಳು ಪದರ ಬಿಟ್ಟ ದಿನ ಸೊಸೆ ಮತ್ತೆ ಏರಿ ದೂರದ ಗುಡ್ಡದ ಮರದ ಪುಡಿಯನ್ನು ಒಂದೊಂದಕ್ಕೂ ಊದಿದಳು. ಹದಿನೈದು ದಿನಕ್ಕೆ ಪದರ ಮುಚ್ಚಿತು, ಚೀಲ ಬಿಚ್ಚಿದರು.

ಆಮೇಲೆ ಕಾಯುವುದೊಂದೇ ಕೆಲಸ.

ಅದು ಹೊಲಿಗೆಯಮ್ಮನಿಗೆ ಬಾರದ ಕೆಲಸ. ಎರಡು ತಿಂಗಳಾದ ಮೇಲೆ, "ಏನಾದ್ರೂ ದಪ್ಪಗಾಯ್ತೇನೇ?" ಎಂದು ಕೇಳಿದಳು. ಬಟಾಣಿಯಷ್ಟಿದೆ ಎಂದಳು ಸೊಸೆ. ಆರು ತಿಂಗಳಾದ ಮೇಲೂ ಬಟಾಣಿಯಷ್ಟೇ. "ಒಳಗೆ ಸೇರಿದ ಪುಡಿ ಒಂದು ಸಣ್ಣ ಬೇರಿನ ಥರ ಎಳೆ ಬಿಟ್ಟು, ಅರ್ಧ ದಾರೀಲೇ ಮಲಗಿಬಿಡತ್ತೆ ಅತ್ತೆ. ಚಳಿ ಕಳೆದು ಮುಂದಿನ ವರ್ಷ ಎದ್ದು, ಉಳಿದ ದಾರಿ ನಡೆದು, ಆಮೇಲೆ ಬೀಜ ಕಟ್ಟತ್ತೆ."

"ಒಂದು ವರ್ಷ ದಾರೀಲಿ! ನಿನ್ನ ಗಂಡನ ಲಾರಿನೇ ವಾಸಿ."

ಚಳಿಗಾಲದಲ್ಲಿ ಅಜ್ಜಿಮರದ ಒಂದು ದೊಡ್ಡ ಕೊಂಬೆ ಮುರಿದು ಒಂಬತ್ತು ಕಾಯಿ ಹೋಯಿತು. ಮರುವರ್ಷ ಉಳಿದವು ಇದ್ದಕ್ಕಿದ್ದಂತೆ ಹಸಿರಾಗಿ ಉಬ್ಬಿದವು, ಮುಷ್ಟಿಯಷ್ಟಾದವು, ಚಳಿ ಶುರುವಾಗುವ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿದವು. ಸೊಸೆ ಅವನ್ನೆಲ್ಲ ಕೈಯಾರೆ ಕಿತ್ತು ಇಳಿಸಿದಳು. ಶೆಡ್ಡಿನ ಬಿಸಿಲಲ್ಲಿ ಹರವಿದ ಕಾಯಿಗಳು ಚಟ್ ಚಟ್ ಎಂದು ಸದ್ದು ಮಾಡುತ್ತ ಪದರ ಬಿಟ್ಟವು. ಪದರದ ಸಂದಿಯಲ್ಲಿ ತೆಳುರೆಕ್ಕೆಯ ಬೀಜಗಳು ಜೋಡಿಜೋಡಿಯಾಗಿ ಕೂತಿದ್ದವು. ರೆಕ್ಕೆ ಉಜ್ಜಿ ತೆಗೆದು, ಒಂದು ಬೋಗುಣಿಯಲ್ಲಿ ತುಂಬಿದರು.

ಪರೀಕ್ಷೆಯ ದಿನ ಹೊಲಿಗೆಯಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದಳು. ಮೇಜಿನ ಮೇಲೆ ಅಗಲ ಬಾಯಿಯ ಗಾಜಿನ ಜಾಡಿ, ಜಾಡಿಯ ತುಂಬ ನೀರು. ಭೂತಗನ್ನಡಿಯವರು ಒಂದು ಹಿಡಿ ಬೀಜ ಎತ್ತಿ ಸುರಿದರು.

ಎಲ್ಲವೂ ತೇಲಿದವು.

ಸೊಸೆಯ ಕೈ ಅತ್ತೆಯ ತೋಳನ್ನು ಹಿಡಿದುಕೊಂಡಿತು. ಹೊಲಿಗೆಯಮ್ಮ ಒಂದೊಂದು ಚೀಲವನ್ನೂ ಮನಸ್ಸಿನಲ್ಲೇ ಮಗುಚಿ ನೋಡಿದಳು. ಒಂದು ತೂತು ಎಲ್ಲಿ ಉಳಿಯಿತು? ಯಾವ ಅಂಚಿನಲ್ಲಿ? ಎಲ್ಲವನ್ನೂ ತಟ್ಟಿ ನೋಡಿದ್ದೆನಲ್ಲ?

"ಗಾಳಿಗುಳ್ಳೆ ಹಿಡ್ಕೊಂಡಿರತ್ತೆ" ಎಂದು ಮೇಲಧಿಕಾರಿ ಮರದ ಚಮಚದಿಂದ ನಿಧಾನವಾಗಿ ಕಲಕಿದರು. "ಬೀಜ ನೆನೀಬೇಕು. ಅರ್ಧ ಗಂಟೆ ತಡೀರಿ."

ಯಾರೂ ಕೂರಲಿಲ್ಲ. ಒಂದು ಬೀಜ ಮೆಲ್ಲಗೆ ಓರೆಯಾಯಿತು, ಇಳಿಯಿತು, ತಳ ಮುಟ್ಟಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮೂರು. ಆಮೇಲೆ ಎಣಿಸುವುದಕ್ಕೆ ಆಗಲಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಜಾಡಿಯ ತಳ ಕಪ್ಪಗಾಗಿತ್ತು, ನೀರಿನ ಮೇಲೆ ಬೆರಳೆಣಿಕೆಯಷ್ಟು ಉಳಿದಿದ್ದವು.

ಮೇಲಧಿಕಾರಿ ತಳದಿಂದ ಒಂದನ್ನು ತೆಗೆದು ಬ್ಲೇಡಿನಲ್ಲಿ ಸೀಳಿ, ಕೊರಳಿನ ಭೂತಗನ್ನಡಿಯನ್ನು ಬಿಚ್ಚಿ ಹೊಲಿಗೆಯಮ್ಮನ ಕೈಗೆ ಕೊಟ್ಟರು. ಆ ಕನ್ನಡಿ ಅವರ ಕೊರಳು ಬಿಟ್ಟು ಬೇರೆಯವರ ಕೈಗೆ ಹೋದದ್ದನ್ನು ತೋಪಿನವರು ಅದುವರೆಗೆ ಕಂಡಿರಲಿಲ್ಲ. ಬೆಳ್ಳಗಿನ ತಿರುಳು, ಅದರ ನಡುವೆ ನೂಲಿನ ತುದಿಯಂಥ ಒಂದು ಎಳೆ.

"ಇದೇ ಮರ" ಎಂದರು ಅವರು.

ಹೊಲಿಗೆಯಮ್ಮ ಕಣ್ಣೊರೆಸಿಕೊಂಡಳು, ಕನ್ನಡಿ ಮಂಜಾಗಿತ್ತು ಎಂದು ನೆಪ ಹೇಳಿದಳು. ಸೊಸೆ ಅವಳ ಹೆಗಲಿಗೆ ಹಣೆ ಒತ್ತಿ ನಗುತ್ತಿದ್ದಳೋ ಅಳುತ್ತಿದ್ದಳೋ, ಆ ಹೆಗಲಿಗೇ ಗೊತ್ತು. ಅಜ್ಜಿಮರ ಆ ಚಳಿಗಾಲ ಉರುಳುವುದಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಉರುಳಲಿ; ಅದು ಬಂಜೆಯಾಗಿ ಹೋಗುವುದಿಲ್ಲ.

ಭೂತಗನ್ನಡಿಯವರು ದಪ್ಪ ರಿಜಿಸ್ಟರು ತೆಗೆದು ಬರೆಯಲು ಕೂತರು. ತಾಯಿಮರ ಯಾವುದು, ತಂದೆಮರ ಯಾವುದು, ಚೀಲ ಕಟ್ಟಿದವರು ಯಾರು. ಎಲ್ಲ ಬರೆದು ಸೊಸೆಯ ಸಹಿ ಹಾಕಿಸಿಕೊಂಡರು.

"ಚೀಲ ಮಾಡಿದವರದ್ದೂ ಬರೀರಿ ಸಾರ್" ಎಂದಳು ಸೊಸೆ.

"ಅದಕ್ಕೆ ಜಾಗ ಇಲ್ಲ. ಆದ್ರೂ ಬರೀತೀನಿ." ಅವರು ಅಂಚಿನಲ್ಲಿ ಪೆನ್ನು ಊರಿ ಹೊಲಿಗೆಯಮ್ಮನ ಕಡೆ ತಿರುಗಿದರು. "ಏನಂತ ಬರೀಲಿ ಅಮ್ಮ? ಊರಿಗೇ ಗೊತ್ತಿರೋ ಟೈಲರ್ ನೀವು. ಜೋಡಿ ಹೊಲಿಗೆ ಟೈಲರ್ ಅಂತ ಹಾಕಲಾ?"

"ಬೇಡ" ಎಂದಳು ಹೊಲಿಗೆಯಮ್ಮ. ಶೆಡ್ಡಿನಾಚೆ ಸಸಿಮಡಿಯಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಮರ ಹತ್ತೋಳ ಅತ್ತೆ ಅಂತ ಬರೀರಿ."